ನಾಲ್ಕು ಬೇಲಿಯಾಚೆಯ ಚೆಂಡು

ಕೊರಟಗೆರೆಯ ಸಂತೆ ಮೈದಾನದ ಹಿಂದಿನ ಬಯಲಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಾಮಾಂಜಿನಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಟ್ಟಿಗೆಗಳನ್ನು ಜೋಡಿ ಜೋಡಿಯಾಗಿ ಇಡುತ್ತಿದ್ದಾರೆ. ಪ್ರತಿ ಜೋಡಿಯ ಮೇಲೂ ಅಡ್ಡಲಾಗಿ ಹರಳುಗಿಡದ ಒಂದು ಒಣ ಕಡ್ಡಿ. ಒಂದರ ಮುಂದೊಂದು ಹೀಗೆ ನಾಲ್ಕು ಬೇಲಿ. ಕೊನೆಯ ಬೇಲಿಯಾಚೆ ಗುಂಡುಕಲ್ಲಿನ ಮೇಲೆ ತೂಗುವ ಹಲಗೆ. ಹಲಗೆಯ ದೂರದ ತುದಿಗೆ ಮೊಳೆ ಹೊಡೆದು ಕೂರಿಸಿದ ತೆಂಗಿನ ಕರಟ. ಕರಟದೊಳಗೆ ಹಳೇ ಸೀರೆಯ ಚಿಂದಿ ಸುತ್ತಿ ಹೊಲಿದ ಚೆಂಡು.

ಬೇಲಿಸಾಲಿನ ಈಚೆ ತುದಿಯಲ್ಲಿ ಕಂದು ಬಣ್ಣದ ಹೆಣ್ಣುನಾಯಿ ಬಿಜಲಿ ಒಂದು ಕಿವಿ ನಿಮಿರಿಸಿ ಕೂತಿದೆ. ರಾಮಾಂಜಿನಮ್ಮ ಅದರ ಬೆನ್ನ ಮೇಲೊಮ್ಮೆ ಕೈಯಾಡಿಸಿ, ಮೆಲ್ಲಗೆ "ಪೋ" ಎನ್ನುತ್ತಾರೆ. ನಾಯಿ ಓಡುತ್ತದೆ. ಎರಡು ಬೇಲಿ ಹಾರುತ್ತದೆ, ಮೂರನೆಯದರ ಕಡ್ಡಿಯನ್ನು ಹಿಂಗಾಲಿನಿಂದ ಬೀಳಿಸುತ್ತದೆ, ನಾಲ್ಕನೆಯದನ್ನು ದಾಟಿ ಹಲಗೆಯನ್ನು ತುಳಿಯುತ್ತದೆ. ಚೆಂಡು ಮೇಲಕ್ಕೆ ಚಿಮ್ಮುತ್ತದೆ. ಅದನ್ನು ಗಾಳಿಯಲ್ಲೇ ಬಾಯಿಯಲ್ಲಿ ಹಿಡಿದು, ಅದೇ ದಾರಿಯಲ್ಲಿ ಮರಳಿ ಬಂದು, ಒಡತಿಯ ಅಂಗೈಗೆ ಹಾಕುತ್ತದೆ. ಅದಕ್ಕೆ ಸಿಗುವುದು ತಂಗಳು ಮುದ್ದೆಯ ಒಂದು ಚೂರು.

"ಮುಂಚೆ ಇಟ್ಟಿಗೆ ನಿಲ್ಲಿಸ್ತಿದ್ದೆ. ಈ ಬ್ಯಾಸ್ಗೆಯಿಂದ ಮಲಗಿಸಿ ಇಕ್ತೀನಿ," ಎನ್ನುತ್ತಾರೆ, ಬಿದ್ದ ಕಡ್ಡಿಯನ್ನು ಎತ್ತಿಡುತ್ತಾ. "ಅದ್ರ ಸೊಂಟ ಹೋಗೈತೆ. ನಂದೂ ಅಷ್ಟೇಯ."

ಇದು ಸಾವಿರದ ಒಂಬೈನೂರ ಎಂಬತ್ತನಾಲ್ಕರ ಕಾರ್ತಿಕ. ಶುಕ್ರವಾರದ ದಿನ ಗೊರವನಹಳ್ಳಿಗೆ ಲಕ್ಷ್ಮಿಯ ದರ್ಶನಕ್ಕೆ ಹೋದವರಲ್ಲಿ ಎಷ್ಟೋ ಜನ, ಬಸ್ಸು ಕಾಯುತ್ತಾ, ಈ ಆಟವನ್ನು ನಿಂತು ನೋಡಿದ್ದಾರೆ. ಆಡಿಸುವಾಕೆಯ ಹೆಸರು ಕೇಳಿದವರು ಕಡಿಮೆ. ಅವರಿಗೆಲ್ಲ ಈಕೆ ನಾಯಿಯಮ್ಮ. ವಾರದ ಉಳಿದ ದಿನಗಳಲ್ಲಿ ರಾಮಾಂಜಿನಮ್ಮ ಕಡಲೆಕಾಯಿ ಮಿಲ್ಲಿನಲ್ಲಿ ಬೀಜ ಆರಿಸುವ ಕೂಲಿ. ಬೆಳಿಗ್ಗೆ ಕುಕ್ಕರುಗಾಲಲ್ಲಿ ಕೂತರೆ ಸಂಜೆ ಎದ್ದೇಳುವಾಗ ಗೋಡೆ ಹಿಡಿಯಬೇಕು. ಹಾಗಾಗಿ ನಾಯಿಯ ಪಾಠವೆಲ್ಲ ಹೊತ್ತು ಹುಟ್ಟುವ ಮೊದಲೇ ಮುಗಿಯಬೇಕು.

ಅವರ ತವರು ವೈ.ಎನ್.ಹೊಸಕೋಟೆಯ ಕಡೆ. ಮನೆಮಾತಿನಲ್ಲಿ ಅರ್ಧ ತೆಲುಗು. ಕೊರಟಗೆರೆಯ ಕದಿರಯ್ಯನನ್ನು ಮದುವೆಯಾಗಿ ಬಂದಾಗ ಆತ ಊರಲ್ಲಿ ನಿಲ್ಲುತ್ತಲೇ ಇರಲಿಲ್ಲ. ಊರೂರು ತಿರುಗುವ ಒಂದು ಸರ್ಕಸ್ಸಿನಲ್ಲಿ ನಾಯಿಗಳ ಗೂಡು ತೊಳೆಯುವ, ಅವಕ್ಕೆ ಅನ್ನ ಬೇಯಿಸುವ ಕೆಲಸ. ನಾಯಿಗಳನ್ನು ಪಳಗಿಸುತ್ತಿದ್ದವನು ಬೇರೆಯವನು. ಕದಿರಯ್ಯ ಬಕೀಟು ಹಿಡಿದು ಪಕ್ಕದಲ್ಲಿ ನಿಂತು ನೋಡಿದ್ದೇ ಕಲಿತದ್ದು. ಎಪ್ಪತ್ತಾರನೇ ಇಸವಿಯಲ್ಲಿ ಎದೆಯ ರೋಗ ಹಿಡಿದು ಕೆಮ್ಮುತ್ತಾ ಮನೆಗೆ ಬಂದಾಗ ಚೀಲದಲ್ಲಿ ಒಂದು ಮರಿ ಇತ್ತು. ಒಂದು ಕಿವಿ ಮಡಚಿಕೊಂಡಿದೆ, ನೋಡುವವರಿಗೆ ಚೆನ್ನಾಗಿ ಕಾಣುವುದಿಲ್ಲ ಎಂದು ಸರ್ಕಸ್ಸಿನವರು ಬೇಡವೆಂದದ್ದು. ಅದೇ ಬಿಜಲಿ.

ಮೂಟೆ ಹೊರುವ ಶಕ್ತಿ ಕದಿರಯ್ಯನಿಗೆ ಉಳಿದಿರಲಿಲ್ಲ. ಕೂತ ಕಡೆಯಿಂದಲೇ ಮಾಡಬಹುದಾದ ಕೆಲಸವೆಂದರೆ ನಾಯಿ ಆಡಿಸುವುದೊಂದೇ. ಸರ್ಕಸ್ಸಿನಲ್ಲಿ ಚೆಂಡು ಚಿಮ್ಮಿಸಲು ಸ್ಪ್ರಿಂಗಿನ ಕಬ್ಬಿಣದ ಪೆಟ್ಟಿಗೆ ಇತ್ತು. ಇಲ್ಲಿ ಮುರಿದ ಬಾಗಿಲ ಹಲಗೆಯೇ ಆ ಪೆಟ್ಟಿಗೆಯಾಯಿತು. ಅಲ್ಲಿ ಬಣ್ಣ ಬಳಿದ ಮರದ ಬೇಲಿ. ಇಲ್ಲಿ ಹೊಲದಲ್ಲಿ ಬಿದ್ದಿದ್ದ ಹರಳುಕಡ್ಡಿ. ಕಾಲು ತಗುಲಿದರೆ ಕಡ್ಡಿಯೇ ಉರುಳಬೇಕು, ನಾಯಿಗೆ ಪೆಟ್ಟಾಗಬಾರದು ಎಂಬುದು ಆತನ ಲೆಕ್ಕ.

ಮರಿಗೆ ಮೊದಲು ಕಲಿಸಿದ್ದು ಹಾರುವುದನ್ನಲ್ಲ. ಬರಿಯ ಚೆಂಡನ್ನು ಉರುಳಿಸಿ ತರಿಸಿದ. ಆಮೇಲೆ ಚೆಂಡಿಲ್ಲದ ಹಲಗೆಯನ್ನು ತುಳಿಸಿದ. ಹಲಗೆ ನೆಲಕ್ಕೆ ಬಡಿದ ಸದ್ದಿಗೆ ಮರಿ ಬೆದರಿ ಒಲೆಯ ಮೂಲೆ ಸೇರಿದಾಗ, ಅಡಿಗೆ ಗೋಣಿಚೀಲ ಹಾಸಿ ಸದ್ದು ಅಡಗಿಸಿದ. ಅದು ರೂಢಿಯಾದ ಮೇಲೆ ಒಂದು ಬೇಲಿ, ತಿಂಗಳು ಕಳೆದು ಇನ್ನೊಂದು. ಜೊತೆಗೆ ಸರ್ಕಸ್ಸಿನ ಒಂದು ಕಟ್ಟುನಿಟ್ಟನ್ನೂ ಕಲಿಸಿದ. ನೆಲಕ್ಕೆ ಬಿದ್ದದ್ದು ಏನೇ ಆಗಲಿ ಮುಟ್ಟಬಾರದು, ಕೈಯಿಂದ ಕೊಟ್ಟದ್ದನ್ನು ಮಾತ್ರ ತಿನ್ನಬೇಕು. ಜನ ಸೇರಿದ ಕಡೆ ಯಾರಾದರೂ ಏನನ್ನಾದರೂ ಎಸೆದಾರು ಎಂಬ ಭಯ. ಆತ ನಾಯಿಯ ಜೊತೆ ಆಡುತ್ತಿದ್ದ ಮಾತು ಸರ್ಕಸ್ಸಿನ ಹಿಂದಿ. ಜಾವ್ ಎಂದರೆ ಓಡು, ಲಾವ್ ಎಂದರೆ ತಾ.

"ನಂಗೆ ಆ ಮಾತೂ ಬರಾಕಿಲ್ಲ, ನಾಯೀನೂ ಬ್ಯಾಡ ಅಂತಿದ್ದೆ," ಎನ್ನುತ್ತಾರೆ ರಾಮಾಂಜಿನಮ್ಮ. "ಆದ್ರೆ ಅದು ಓಡೋವಾಗ ಅವ್ರು ಕೆಮ್ತಿರ್ಲಿಲ್ಲ. ಅದುಕ್ಕೇ ಸುಮ್ನಾದೆ."

ನಾಲ್ಕು ವರ್ಷ ಗಂಡ ಹೆಂಡತಿ ಶುಕ್ರವಾರಗಳಂದು ಗೊರವನಹಳ್ಳಿಗೆ ಹೋಗಿ ಆಟ ಆಡಿಸಿದರು. ಎಂಬತ್ತರ ಮಳೆಗಾಲದಲ್ಲಿ ಕದಿರಯ್ಯ ತೀರಿಕೊಂಡ.

ತಿಥಿ ಮುಗಿದ ಮೇಲೆ ರಾಮಾಂಜಿನಮ್ಮ ಹರಳುಕಡ್ಡಿಗಳನ್ನು ಮುರಿದು ಒಲೆಗೆ ಹಾಕಿದರು. ಹಲಗೆಯನ್ನು ನೀರಿನ ಗಡಿಗೆ ಇಡಲು ಬಚ್ಚಲಿಗೆ ಹಾಕಿದರು. ಮಾರನೆಯ ಬೆಳಿಗ್ಗೆ ಕಸ ಗುಡಿಸಲು ಹೊರಗೆ ಬಂದರೆ ಬಿಜಲಿ ಬಯಲಿನಲ್ಲಿ ಒಂಟಿಯಾಗಿ ಓಡುತ್ತಿತ್ತು. ಬೇಲಿಗಳು ಇರುತ್ತಿದ್ದ ಜಾಗ ಬಂದಾಗಲೆಲ್ಲ ಏನೂ ಇಲ್ಲದ ನೆಲದ ಮೇಲೆ ಹಾರುತ್ತಿತ್ತು. ತಿರುಗಿ ಬಂದು ಕದಿರಯ್ಯ ಕೂರುತ್ತಿದ್ದ ಕಲ್ಲಿನ ಮುಂದೆ ನಿಂತು, ಬಾಯಿ ತೆರೆದು, ಕಾಯುತ್ತಿತ್ತು. ನೆರೆಯ ಗೌರಕ್ಕ ಅದನ್ನು ನೋಡಿ ಇದು ಮನೆಗೆ ಒಳ್ಳೆಯದಲ್ಲ, ಯಾವುದಾದರೂ ಲಾರಿ ಹತ್ತಿಸಿ ಸಿರಾ ಕಡೆ ಕಳಿಸಿಬಿಡು ಎಂದಳು. ರಾಮಾಂಜಿನಮ್ಮ ಕಸಬರಿಗೆ ಹಿಡಿದು ನಿಂತೇ ಇದ್ದರು. ಆ ದಿನ ಮಿಲ್ಲಿಗೆ ಹೋಗಲಿಲ್ಲ. ಹೊಲದ ಬದುವಿಗೆ ಹೋಗಿ ಹೊಸ ಕಡ್ಡಿ ಕಡಿದು ತಂದರು.

ಬೇಲಿ ಎದ್ದಿತು, ನಾಯಿ ಏಳಲಿಲ್ಲ. ಇವರು ಜಾವ್ ಎಂದರೆ ಅದು ಮನೆಯ ಬಾಗಿಲ ಕಡೆ ತಿರುಗಿ ನೋಡುತ್ತಿತ್ತು, ಆ ಮಾತಿನವನು ಒಳಗಿನಿಂದ ಬರುತ್ತಾನೆಂಬಂತೆ. ಎಷ್ಟೋ ದಿನ ಹೀಗೇ ನಡೆಯಿತು. ಕೊನೆಗೆ ರಾಮಾಂಜಿನಮ್ಮ ಆ ಮಾತುಗಳನ್ನೇ ಬಿಟ್ಟುಬಿಟ್ಟರು. ಬೆಳೆದ ನಾಯಿಯನ್ನು ಮರಿಯಂತೆ ಮುಂದೆ ಕೂರಿಸಿಕೊಂಡು, ಚೆಂಡು ಉರುಳಿಸುವುದರಿಂದ ಪಾಠ ಶುರು ಮಾಡಿದರು. ಈ ಸಲ ತವರಿನ ತೆಲುಗಿನಲ್ಲಿ. ಪೋ ಎಂದರೆ ಓಡು, ದಾ ಎಂದರೆ ಬಾ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಬಿಜಲಿ ನಾಲ್ಕೂ ಬೇಲಿ ಹಾರಿ, ಚೆಂಡು ತಂದು, ಕಲ್ಲಿನ ಹತ್ತಿರ ಹೋಗದೆ ನೇರ ಇವರ ಕೈಗೆ ಹಾಕಿತು.

"ಅವ್ರ ಮಾತು ಅವ್ರ ಜೊತೇನೇ ಹೋಯ್ತು ಅಂದ್ಕಂಡೆ. ಅದನ್ನ ನಾನು ಆಡೋದು ಬ್ಯಾಡ. ನನ್ ಮಾತು ನಾನು ಕಲಿಸ್ದೆ."

ಆಮೇಲೆ ಗೊರವನಹಳ್ಳಿಯ ಶುಕ್ರವಾರಗಳು ಮತ್ತೆ ನಡೆದವು. ಹತ್ತಿರದ ಹಳ್ಳಿಯೊಂದರ ಶಾಲೆಯ ಹೆಡ್‌ಮೇಷ್ಟ್ರು ವೀರಭದ್ರಯ್ಯ ವರ್ಷಕ್ಕೊಮ್ಮೆ ಕರೆಸಿ ಮಕ್ಕಳಿಗೆ ಆಟ ತೋರಿಸುವುದೂ ಶುರುವಾಯಿತು. ಬಿಜಲಿ ಮರಿ ಹಾಕಿದಾಗ ಹಣೆಯಲ್ಲಿ ಬಿಳಿ ಬೊಟ್ಟಿದ್ದ ಒಂದನ್ನು ರಾಮಾಂಜಿನಮ್ಮ ಉಳಿಸಿಕೊಂಡರು. ಅದರ ಹೆಸರು ಚಿಕ್ಕಿ. ತಾಯಿಯ ಬೆನ್ನಿಗೇ ಓಡಿ ಓಡಿ ಚಿಕ್ಕಿ ಬೇಲಿಗಳನ್ನು ಬೇಗ ಕಲಿಯಿತು. ಬಿಜಲಿಗೆ ವಯಸ್ಸಾದರೆ ಮುಂದೆ ಇದಿದೆ ಎಂಬ ಧೈರ್ಯ ಬಂತು. ನೆಲಕ್ಕೆ ಬಿದ್ದದ್ದನ್ನು ತಿನ್ನಬಾರದೆಂಬ ಪಾಠವೊಂದು ಉಳಿದಿತ್ತು. ಮಿಲ್ಲಿನಲ್ಲಿ ಹಂಗಾಮು ಮುಗಿದ ಮೇಲೆ ಬಿಡುವಾಗಿ ಕಲಿಸೋಣ ಎಂದುಕೊಂಡಿದ್ದರು.

ಈ ಬೇಸಿಗೆಯಲ್ಲಿ ಹುಚ್ಚುನಾಯಿಯೊಂದು ಊರ ಸುತ್ತಲಿನ ಎರಡು ಹಸುಗಳನ್ನೂ ಒಬ್ಬ ಕುರಿಯವನನ್ನೂ ಕಚ್ಚಿತು. ಕುರಿಯವನು ಉಳಿಯಲಿಲ್ಲ. ಕಂಡ ನಾಯಿಯನ್ನೆಲ್ಲ ಜನ ಕಲ್ಲಿನಿಂದ ಹೊಡೆಯತೊಡಗಿದರು. ಒಂದು ದಿನ ಯಾರೋ ವಿಷ ಬೆರೆಸಿದ ಬಾಡನ್ನು ಬಯಲಿನಲ್ಲಿ ಚೆಲ್ಲಿ ಹೋದರು.

ಮಿಲ್ಲಿಗೆ ಓಡಿಬಂದು ಸುದ್ದಿ ಹೇಳಿದವಳು ಗೌರಕ್ಕ. ರಾಮಾಂಜಿನಮ್ಮ ಬರುವಷ್ಟರಲ್ಲಿ ಚಿಕ್ಕಿ ಅಂಗಳದಲ್ಲಿ ಕಾಲು ಸೆಟೆದುಕೊಂಡು ಬಿದ್ದಿತ್ತು. ಹುಣಸೆನೀರು ಕುಡಿಸಲು ನೋಡಿದರು, ಹಲ್ಲು ಬಿಗಿದುಕೊಂಡಿದ್ದವು. ಅಂಗಳದಾಚೆ ಬಯಲಿನಲ್ಲಿ ಬಿಜಲಿ ಕೂತಿತ್ತು. ಅದರ ಮುಂಗಾಲಿನ ಹತ್ತಿರವೇ ಒಂದು ಬಾಡಿನ ತುಂಡು ಬಿದ್ದಿತ್ತು. ಬಿಜಲಿ ಅದನ್ನು ಮುಟ್ಟಿರಲಿಲ್ಲ, ಮೂಸಿಯೂ ಇರಲಿಲ್ಲ. ಯಾರು ಹಾಕಿದರೆಂದು ರಾಮಾಂಜಿನಮ್ಮ ಯಾರನ್ನೂ ಕೇಳಲಿಲ್ಲ. ಸತ್ತ ಕುರಿಯವನ ಹೆಂಡತಿ ಮಿಲ್ಲಿನಲ್ಲಿ ಅವರ ಪಕ್ಕದಲ್ಲೇ ಕೂತು ಬೀಜ ಆರಿಸುತ್ತಾಳೆ.

ಆ ಹೆದರಿಕೆ ಇನ್ನೂ ಹೋಗಿಲ್ಲ. ಈ ಸಲ ವೀರಭದ್ರಯ್ಯನವರು ಕರೆಯಲು ಬರಲಿಲ್ಲ, ಬರಬೇಡಿ ಎನ್ನಲು ಬಂದರು. ಮಕ್ಕಳ ಮನೆಯವರು ಒಪ್ಪುತ್ತಿಲ್ಲ ಎಂದು ಹೇಳಿ, ಕೊಟ್ಟ ನೀರನ್ನು ಕುಡಿದು, ಬಿಜಲಿಯ ತಲೆ ನೇವರಿಸಿ ಹೋದರು. "ಮಕ್ಕಳು ದಿನಾ ಕೇಳ್ತವೆ. ನಾನೇನು ಹೇಳ್ಲಿ," ಎಂದು ಅವರು ಈಗಲೂ ನೊಂದುಕೊಳ್ಳುತ್ತಾರೆ.

ಕಳೆದ ಶುಕ್ರವಾರ ಗೊರವನಹಳ್ಳಿಯಲ್ಲಿ ಚೆಂಡು ಚಿಮ್ಮಿದರೂ ಬಿಜಲಿಗೆ ಅದು ಕಾಣಲಿಲ್ಲ. ಎಡಗಣ್ಣಿಗೆ ಪೊರೆ ಬಂದಿದೆ. ಚೆಂಡು ಎಲ್ಲೆಂದು ಹುಡುಕುತ್ತಾ ಅದು ಬೇಲಿಗಳ ನಡುವೆಯೇ ಕೂತುಬಿಟ್ಟಿತು. ಬಸ್ಸು ಬಂತು, ಜನ ಎದ್ದರು. ಮೊದಲೆಲ್ಲ ನಾಯಿಯನ್ನು ಹತ್ತಿಸಿಕೊಳ್ಳುತ್ತಿದ್ದ ಕಂಡಕ್ಟರು ಈಗ ಕೈ ಅಡ್ಡ ಹಿಡಿಯುತ್ತಾನೆ. ಹಲಗೆಯನ್ನು ತಲೆಯ ಮೇಲಿಟ್ಟುಕೊಂಡು, ನಾಯಿ ಕೂತಲ್ಲೆಲ್ಲ ತಾವೂ ಕೂರುತ್ತಾ, ರಾಮಾಂಜಿನಮ್ಮ ಊರಿಗೆ ನಡೆದೇ ಬಂದರು.

ಇನ್ನೊಂದು ಮರಿಯನ್ನು ತಂದು ಪಳಗಿಸಬಾರದೇ ಎಂದು ಕೇಳಿದರೆ ಬೇಡವೆಂದು ತಲೆಯಾಡಿಸುತ್ತಾರೆ. ಮಿಲ್ಲಿನ ಹೊತ್ತಾಗಿದೆ. ಇಟ್ಟಿಗೆಗಳನ್ನು ಗೋಡೆಯ ಪಕ್ಕ ಪೇರಿಸಿ, ಕೈಯ ಧೂಳನ್ನು ಸೀರೆಗೆ ಒರೆಸಿಕೊಂಡು, ಬುತ್ತಿಯ ಗಂಟು ಕೈಗೆತ್ತಿಕೊಳ್ಳುತ್ತಾರೆ. ಹಾಗಾದರೆ ಏನಾಗಬೇಕೆಂದು ಆಸೆ ಎಂದರೆ ಬಾಗಿ ಬಿಜಲಿಯ ಮಡಚಿದ ಕಿವಿಯನ್ನು ಸವರುತ್ತಾರೆ.

"ಅದು ನನಗಿಂತ ಮೊದ್ಲು ಹೋಗ್ಬುಡ್ಬೇಕು ಕಣಪ್ಪ," ಎನ್ನುತ್ತಾರೆ. "ಸಾಕ್ದೋರು ಹೋದ್ಮ್ಯಾಕೆ ಬದುಕೋದು, ಅದುಕ್ಕೆ ಒಂದು ಸಲಕ್ಕೇ ಸಾಕಾಗೈತೆ."