ಅಕ್ಕನ ಕೆನ್ನೆ, ಗಜಕಡ್ಡಿಯ ಬಟ್ಟೆ

ದರ್ಜಿ ಕೆಲಸದಲ್ಲಿ ನಮ್ಮಕ್ಕನಿಗೆ ಸರಿಸಾಟಿಯಿಲ್ಲ, ಜಗಳದಲ್ಲೂ ಇಲ್ಲ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಅದನ್ನು ಬಲಗೆನ್ನೆಗೆ ಒತ್ತಿ, ಕಣ್ಣು ಮುಚ್ಚಿ ನೋಡುತ್ತಾಳೆ. "ಸೂಜಿ ಹಿಡಿದು ಹಿಡಿದು ಬೆರಳು ಮರಗಟ್ಟಿದೆ ಕಣೇ, ಬಟ್ಟೆಯ ನಯ ಕೆನ್ನೆಗೇ ಗೊತ್ತಾಗೋದು" ಅನ್ನುತ್ತಾಳೆ. ಗುಂಡಿ ಹೊಲಿಯುವ ತಂಗಿ ನಾನು, ಎದುರಾಡುವುದುಂಟೇ?

ಆ ಕೆನ್ನೆ ತುಂಬ ಮೊಡವೆ. ಮೂವತ್ತೇಳರ ಹೆಂಗಸಿಗೆ! ಮೊದಲೆಲ್ಲ ಅವಳಿಗೆ ಅದರ ಗೊಡವೆಯೇ ಇರಲಿಲ್ಲ. ನಾವು ಬಟ್ಟೆ ತರುವ ಜವಳಿ ಅಂಗಡಿಯವರು ಅಕ್ಕನ ಹಾಗೆಯೇ ಒಂಟಿ ಮನುಷ್ಯ; ಬಟ್ಟೆ ಅಳೆಯುವ ಕಡ್ಡಿಯಂತೆ ಉದ್ದಕ್ಕೆ, ನೆಟ್ಟಗೆ ಇರುವುದರಿಂದ ನಾವಿಟ್ಟ ಹೆಸರು ಗಜಕಡ್ಡಿ. ಅವರೊಮ್ಮೆ "ನಿಮ್ಮ ಕೈಗೆ ಬಂದ್ರೇನೇ ನನ್ನ ಬಟ್ಟೆಗೊಂದು ಕಳೆ" ಅಂದ ಮೇಲೆ ಅಕ್ಕ ಕನ್ನಡಿ ಮುಂದೆ ನಿಲ್ಲತೊಡಗಿದಳು. "ಏನಕ್ಕಾ ಸಮಾಚಾರ?" ಅಂದರೆ "ತೆಪ್ಪಗಿರೇ" ಅಂತ ಗದರಿದಳು. ಮರುದಿನವೇ ಚರ್ಮದ ಡಾಕ್ಟರ ಹತ್ತಿರ ನಡೆದೆವು.

ಡಾಕ್ಟರಮ್ಮ ಒಂದು ಟ್ಯೂಬ್ ಬರೆದುಕೊಟ್ಟರು. "ಇದರಲ್ಲಿ ಎರಡು ಔಷಧಿ ಇದೆ. ಒಂದು, ಚರ್ಮದ ರಂಧ್ರದೊಳಗೆ ಸೇರ್ಕೊಂಡಿರೋ ರೋಗಾಣು ಕೊಲ್ಲುತ್ತೆ. ಇನ್ನೊಂದು, ರಂಧ್ರ ಕಟ್ಟಿಕೊಳ್ಳದ ಹಾಗೆ ನೋಡ್ಕೊಳ್ಳುತ್ತೆ. ಬರೀ ಕೊಂದ್ರೆ, ಕಟ್ಟಿಕೊಂಡ ಕಡೆ ಮತ್ತೆ ಬೆಳೆಯುತ್ತೆ. ಅದಕ್ಕೇ ಎರಡೂ ಒಟ್ಟಿಗೆ. ರಾತ್ರಿ ಒಂದೇ ಸಲ, ಬಟಾಣಿಯಷ್ಟು, ಮುಖಕ್ಕೆಲ್ಲ ತೆಳ್ಳಗೆ ಹಚ್ಚಿ. ಮೊದಮೊದಲು ಚರ್ಮ ಒಣಗಿ ಸಿಪ್ಪೆ ಏಳಬಹುದು. ಎರಡು ಮೂರು ತಿಂಗಳು ತಾಳ್ಮೆ ಬೇಕು. ಆಮೇಲೆ, ದಿಂಬಿಗೆ ಬಿಳಿ ಕವರ್ ಹಾಕ್ಕೊಳ್ಳಿ."

ಅಕ್ಕನಿಗೆ ನಾಟಿದ್ದು ಕೊನೆಯ ಮಾತೊಂದೇ. "ನಮ್ಮ ದಿಂಬು ಕೊಳಕು ಅಂತಾನಾ ಅವರ ಅರ್ಥ?" ಅಂತ ದಾರಿಯುದ್ದಕ್ಕೂ ಉರಿದುಬಿದ್ದಳು. ತಾಳ್ಮೆಯಂತೂ ಅವಳಿಗೆ ಹುಟ್ಟಿನಿಂದಲೇ ಇಲ್ಲ. ಬೇಗ ಗುಣವಾಗಲಿ ಅಂತ ಬೆಳಗ್ಗೆಯೂ ಬಳಿದುಕೊಂಡು ಕೆಲಸಕ್ಕೆ ಕೂರತೊಡಗಿದಳು.

ಸ್ವಲ್ಪ ದಿನದಲ್ಲೇ, ಗಿರಾಕಿಗೆ ಕೋಟು ಹೊಲಿಯಲೆಂದು ಗಜಕಡ್ಡಿಯ ಅಂಗಡಿಯಿಂದ ತಂದ ಕಡುನೀಲಿ ಬಟ್ಟೆಯ ಮೇಲೆ ತಿಳಿ ಕಲೆಗಳೆದ್ದವು. ಅಕ್ಕ ಬಟ್ಟೆ ಹಿಡಿದು ದುಡುದುಡು ಹೋಗಿ, ಜನರೆದುರಿಗೇ "ಬಣ್ಣ ನಿಲ್ಲದ ಮಾಲು ಮಾರ್ತೀರಾ? ನಾಚಿಕೆ ಆಗಲ್ವಾ?" ಅಂತ ಜಾಡಿಸಿದಳು. ಪಾಪ, ಆ ಮನುಷ್ಯ ಕೂಡಲೇ ಬೇರೆ ಬಟ್ಟೆ ಕತ್ತರಿಸಿ ಕೊಟ್ಟರು.

ಮರುದಿನ ಹಾಸಿಗೆ ಮಡಚುವಾಗ ನೋಡುತ್ತೇನೆ, ಅಕ್ಕನ ಹಸಿರು ದಿಂಬಿನ ಮೇಲೂ ಅದೇ ಕಲೆ! ಎಷ್ಟು ಒಗೆದರೂ ಬಣ್ಣ ಬಿಡದ ಕವರ್ ಅದು. ಡಾಕ್ಟರಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಅಯ್ಯೋ, ಆ ರೋಗಾಣು ಕೊಲ್ಲೋ ಔಷಧಿ ಬಟ್ಟೆ ಬಣ್ಣನೂ ತಿನ್ನುತ್ತಮ್ಮಾ. ಅದಕ್ಕೇ ಬಿಳಿ ಕವರ್ ಅಂದಿದ್ದು. ಬೆಳಗ್ಗೆ ಹಚ್ಚೋದು ಮೊದಲು ನಿಲ್ಲಿಸೋಕೆ ಹೇಳಿ" ಅಂತ ನಕ್ಕರು.

ವಿಷಯ ತಿಳಿಸಿದ್ದೇ ಅಕ್ಕ ತಲೆ ಮೇಲೆ ಕೈ ಹೊತ್ತಳು. "ಯಾರಿಗೋಸ್ಕರ ಹಚ್ಕೊಂಡ್ನೋ ಅವರಿಗೇ ಬೈದು ಬಂದ್ನಲ್ಲೇ! ಇನ್ನು ನನ್ನ ಮುಖ ನೋಡ್ತಾರಾ?" ನನಗೆ ನಗು ಉಕ್ಕಿ ಬಂತು. ಅವಳ ಕಣ್ಣಲ್ಲಿ ನೀರು ಕಂಡು ನುಂಗಿಕೊಂಡೆ. ಕೈ ಹಿಡಿದು ಅಂಗಡಿಗೆ ಎಳೆದುಕೊಂಡೇ ಹೋದೆ.

ಅಂಗಡಿ ತುಂಬ ಜನ, ಅಕ್ಕನ ಮುಖದ ತುಂಬ ಸಿಪ್ಪೆ. ಆದರೂ ಎಲ್ಲರ ಮುಂದೆಯೇ ಹೇಳಿದಳು. "ತಪ್ಪು ನಂದು. ಮೊಡವೆಗೆ ಔಷಧಿ ಹಚ್ಕೊಂಡು ನಿಮ್ಮ ಬಟ್ಟೆಗೆ ಕೆನ್ನೆ ಒತ್ತಿದೆ. ಮಾಲಿನಲ್ಲಿ ಏನೂ ದೋಷ ಇಲ್ಲ."

"ಹಾಗಾದ್ರೆ ಸದ್ಯಕ್ಕೆ ದೂರದಿಂದ ನೋಡಿ ಆರಿಸಿ" ಅಂದರು ಗಜಕಡ್ಡಿ, ಗಂಭೀರವಾಗಿ.

"ದೂರದಿಂದ ನೋಡಿದ್ರೆ ಏನು ಗೊತ್ತಾಗುತ್ತೆ?"

"ನಾನು ಇಷ್ಟು ವರ್ಷ ನಿಮ್ಮನ್ನ ದೂರದಿಂದ್ಲೇ ನೋಡಿರೋದು. ಗೊತ್ತಾಗಿದೆ."

ಅಕ್ಕ ತಲೆ ತಗ್ಗಿಸಿ, ಮುಂದಿದ್ದ ಒಂದು ಬಟ್ಟೆಯನ್ನು ಕೆನ್ನೆಗೆ ತಾಗದಂತೆ ದೂರ ಹಿಡಿದು ನೋಡತೊಡಗಿದಳು. ನನಗಂತೂ ಅಲ್ಲೇ ಕುಣಿಯುವಷ್ಟು ಸಂತೋಷವಾಯಿತು.