ಅಳಿಸಿದ ಹೆಸರು, ಅಳಿಯದ ಪುಟ

ಬೆಳಗಿನ ಆರು ಗಂಟೆ. ರಾಣೆಬೆನ್ನೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಸುಧಾರಾಣಿ ಎರಡು ಪರದೆಗಳ ಮುಂದೆ ಕುಳಿತಿದ್ದಾರೆ. ಒಂದರಲ್ಲಿ ಅವರು ತಿದ್ದುವ ಪಟ್ಟಿ, ಇನ್ನೊಂದರಲ್ಲಿ ಜನ ನೋಡುವ ಪಟ್ಟಿ. ಹೆಸರು, ರಕ್ತದ ಗುಂಪು, ಫೋನ್ ನಂಬರು. ನಾನೂರ ಹನ್ನೆರಡು ದಾನಿಗಳನ್ನು ಬೆರಳಿಟ್ಟು ತಾಳೆ ನೋಡುತ್ತಾರೆ.

ಹಾವೇರಿ ಸೀಮೆಯ ರಕ್ತದಾನಿಗಳ ಈ ಜಾಲತಾಣವನ್ನು 2006ರಲ್ಲಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಬ್ಬರೇ ಬರೆದವರು ಈ ಶಿಕ್ಷಕಿ. ಅದರಲ್ಲೆಲ್ಲೂ ಅವರ ಹೆಸರಿಲ್ಲ. ಯಾರು ಪುಟ ತೆರೆದರೂ ಸರ್ವರ್, ಅಂದರೆ ತಾಣವನ್ನು ನಡೆಸುವ ಕಂಪ್ಯೂಟರ್, ಪಟ್ಟಿಯನ್ನು ಹೊಸದಾಗಿ ಜೋಡಿಸಬೇಕಿತ್ತು. ಹತ್ತು ಜನ ಒಟ್ಟಿಗೆ ಬಂದರೆ ಅದಕ್ಕೆ ಏದುಸಿರು. ಆಸ್ಪತ್ರೆಯಲ್ಲಿ ಕಾಯುವವರಿಗೆ ಅಷ್ಟು ಪುರುಸೊತ್ತೆಲ್ಲಿ? ಕಳೆದ ವರ್ಷ ಅವರು ಕ್ಯಾಶ್ ಅಳವಡಿಸಿದರು. ಅಂದರೆ, ಒಮ್ಮೆ ಜೋಡಿಸಿದ ಇಡೀ ಪುಟವನ್ನು ಸರ್ವರ್ ತೆಗೆದಿಟ್ಟುಕೊಂಡು ವಾರವಿಡೀ ಎಲ್ಲರಿಗೂ ಅದನ್ನೇ ಕೊಡುತ್ತದೆ. ಪುಟ ಥಟ್ಟನೆ ಬರತೊಡಗಿತು.

ಅಷ್ಟರಲ್ಲಿ ಮೇಡ್ಲೇರಿಯ ದಾನಿ ನಾಗಪ್ಪ ತೀರಿಕೊಂಡರು. ಸುದ್ದಿ ತಿಳಿದ ದಿನವೇ ಸುಧಾರಾಣಿ ಹೆಸರು ಅಳಿಸಿದರು. ಆದರೂ ರಕ್ತ ಬೇಕೆಂದು ಆ ಮನೆಗೆ ಒಂದು ಫೋನ್ ಹೋಯಿತು, ಮರುದಿನ ಇನ್ನೊಂದು. ನಾಗಪ್ಪನವರ ಹೆಂಡತಿ ಪ್ರೇಮವ್ವ ಕೇಂದ್ರಕ್ಕೆ ತಿಳಿಸಿದರು. ಮತ್ತೆ ಅಳಿಸೋಣವೆಂದರೆ ಪಟ್ಟಿಯಲ್ಲಿ ಹೆಸರೇ ಇಲ್ಲ.

“ತಲಿ ಕೆಟ್ಟಂಗಾತ್ರಿ. ನನ್ನ ಕಣ್ಣಿಗೆ ಇಲ್ಲ, ಮಂದಿಗೆ ಹೆಂಗ ಕಾಣ್ತೈತಿ? ಎಲ್ಲೋ ಹಳೇ ಚೀಟಿ ನೋಡಿ ಫೋನ್ ಹಚ್ಯಾರೇನೋ ಅಂದ್ಕೊಂಡೆ,” ಎನ್ನುತ್ತಾರೆ ಸುಧಾರಾಣಿ.

ಎರಡು ದಿನ ಪ್ರೋಗ್ರಾಮಿನ ಸಾಲುಸಾಲನ್ನೂ ಓದಿದರು. ತಪ್ಪು ಸಿಗಲಿಲ್ಲ. ಕೊನೆಗೆ ಬಸ್ ನಿಲ್ದಾಣದ ಬಳಿಯ ಸೈಬರ್ ಕೆಫೆಯಲ್ಲಿ ಬೇರೆಯವರಂತೆ ಪುಟ ತೆರೆದಾಗ ನಾಗಪ್ಪನವರ ಹೆಸರು ಅಲ್ಲೇ ಇತ್ತು. ತಾವು ತಿದ್ದುವ ಪುಟಕ್ಕೆ ಕ್ಯಾಶ್ ಇರಲಿಲ್ಲ. ಜನರಿಗೆ ಹೋಗುತ್ತಿದ್ದುದು ಸರ್ವರ್ ತೆಗೆದಿಟ್ಟಿದ್ದ, ಸಾವಿಗೂ ಮೊದಲಿನ ಪುಟ. ಪಟ್ಟಿ ತಿದ್ದಿದ ಕೂಡಲೇ ಹಳೆಯ ಪುಟ ಅಳಿಯುವಂತೆ ನಾಲ್ಕು ಸಾಲು ಸೇರಿಸಿ, ಸುಧಾರಾಣಿ ಮೇಡ್ಲೇರಿಯ ಬಸ್ಸು ಹತ್ತಿದರು. ಅಂದಿನಿಂದ ಯಂತ್ರದ ಮಾತನ್ನಷ್ಟೇ ನಂಬದೆ, ದಿನಾ ಬೆಳಿಗ್ಗೆ ಎರಡೂ ಪಟ್ಟಿ ಓದುತ್ತಾರೆ.

ಪ್ರೇಮವ್ವನ ಮುಂದೆ ಕ್ಯಾಶ್ ಎಂದರೇನೆಂದು ಹೇಳಹೋಗಿ ತಾವೇ ತಡವರಿಸಿದರಂತೆ. ಆಕೆ ಬೈಯಲಿಲ್ಲ. “ಅದಿರ್ಲಿ ಯವ್ವಾ, ಆ ಫೋನ್ ಹಚ್ಚಿದವ್ರಿಗೆ ರಕ್ತ ಸಿಕ್ತೇನು?” ಎಂದು ಕೇಳಿದರು.

ಅದು ಸುಧಾರಾಣಿಗೆ ಗೊತ್ತಿರಲಿಲ್ಲ. ಪ್ರೇಮವ್ವನ ಮೊಬೈಲಿನಲ್ಲಿದ್ದ ಎರಡೂ ನಂಬರಿಗೆ ಫೋನ್ ಮಾಡಿದರು. ಮೊದಲನೆಯವರಿಗೆ ಕಾಗಿನೆಲೆಯ ದಾನಿಯೊಬ್ಬರು ರಕ್ತ ಕೊಟ್ಟಿದ್ದರು. ಎರಡನೆಯದನ್ನು ಯಾರೂ ಎತ್ತಲಿಲ್ಲ.

“ಈಗ ಪುಟ ಬರೋಬ್ಬರಿ ಐತ್ರಿ. ಆದ್ರ ಆ ಎರಡನೇದವರಿಗೆ ಸಿಕ್ತೋ ಇಲ್ಲೋ, ಅದೊಂದು ತಿಳೀವಲ್ದು,” ಎನ್ನುತ್ತಾರೆ. “ಇನ್ನೂ ಆಗಾಗ ಹಚ್ಚಿ ನೋಡ್ತೇನ್ರಿ. ಒಮ್ಮೆ ಎತ್ತಿದ್ರ ಸಾಕು.”