ಖಾಲಿ ಬಟ್ಟಲಿನ ಭಿಡೆ

ಮೊನ್ನೆ ಅಟ್ಟದ ಪಾತ್ರೆಗಳನ್ನು ಇಳಿಸುವಾಗ ಅಂಚು ನೆಗ್ಗಿದ ಸ್ಟೀಲ್ ಬಟ್ಟಲೊಂದು ಕೈಗೆ ಸಿಕ್ಕಿತು. ಮೈಸೂರು ಕಡೆಯವಳಾದ ನನ್ನ ಹೆಂಡತಿ ಅದನ್ನು ತೊಳೆಯಲು ಒಯ್ದಾಗ ಅವ್ವ ಕಸಿದುಕೊಂಡಳು.

"ಅದನ್ನ ಬಿಡವಾ. ಭಿಡೇಕ ಬಿದ್ದು ಒಬ್ಬಾಕಿ ಉಪವಾಸ ಇದ್ದಳು, ಆ ಬಟ್ಲ ಅದು."

"ಭಿಡೆ ಅಂದ್ರೆ ಸಂಕೋಚನಾ?" ಎಂದು ಹೆಂಡತಿ ನನ್ನನ್ನು ಕೇಳಿದಳು. ಹೌದು ಅಂದೆ. ಅಂದಮೇಲೆ, ಅಲ್ಲ ಅನ್ನಿಸಿತು…

ಸಂಕೋಚ ಒಬ್ಬರು ತಮ್ಮೊಳಗೇ ಮುದುಡಿಕೊಳ್ಳುವಂಥದ್ದು. ಮುಜುಗರ ನಾಲ್ಕು ಜನ ನೋಡಿದಾಗ ಆಗುವಂಥದ್ದು. ಭಿಡೆಗೆ ಮಾತ್ರ ಇಬ್ಬರು ಬೇಕು, ಅವರ ನಡುವೆ ಒಂದಿಷ್ಟು ಪ್ರೀತಿಯೂ ಬೇಕು. ವೈರಿಯ ಮುಂದೆ ಯಾರಿಗೆ ಭಿಡೆ? ಮರಾಠಿಯಿಂದ ಬಂದ ಶಬ್ದ ಅನ್ನುತ್ತಾರೆ ತಿಳಿದವರು. ಬೆಂಗಳೂರಿನ ಪತ್ರಿಕೆಗಳಲ್ಲಿ 'ನಿರ್ಭಿಡೆ' ಕಾಣಿಸುತ್ತದೆ. ಬರೀ ಭಿಡೆ ನಮ್ಮ ಲಕ್ಷ್ಮೇಶ್ವರದ ಓಣಿಗಳಲ್ಲಿ ಉಳಿದಿದೆ. "ಭಿಡೆ ಮಾಡಬ್ಯಾಡ್ರಿ, ಉಣ್ರಿ" ಅನ್ನದೆ ನಮ್ಮಲ್ಲಿ ಎರಡನೆಯ ರೊಟ್ಟಿ ಹಾಕುವವರಿಲ್ಲ. ಮೊದಲು ಬೇಡ ಅನ್ನದೆ ಹಾಕಿಸಿಕೊಳ್ಳುವವರೂ ಇಲ್ಲ.

ಅವ್ವ ಹೇಳಿದ ಆ 'ಒಬ್ಬಾಕಿ' ನಾನು ಸಣ್ಣವನಿದ್ದಾಗ ನಮ್ಮ ಬಾಜೂಮನೆಯಲ್ಲಿದ್ದ ಚಾಚಿ. ಆಕೆ ನಕ್ಕರೆ ಓಣಿಯ ತುದಿಗೂ ಕೇಳುತ್ತಿತ್ತು. ಮೊಹರಂಗೆ ಅವರ ಮನೆಯಿಂದ ಸಿಹಿ ಚೊಂಗೆ ಬರುತ್ತಿತ್ತು, ಪಂಚಮಿಗೆ ನಮ್ಮ ಮನೆಯಿಂದ ಉಂಡಿ ಹೋಗುತ್ತಿತ್ತು. ಹೋದ ಬಟ್ಟಲು ಖಾಲಿ ಬರಬಾರದು ಎನ್ನುವುದು ಎರಡೂ ಮನೆಯ ರಿವಾಜು.

ಚಾಚಿಯ ಗಂಡ ಲಾರಿಗೆ ಮೂಟೆ ಹೇರುವವರು. ಒಮ್ಮೆ ಮೇಲಿಂದ ಬಿದ್ದು ಬೆನ್ನು ಮುರಿದುಕೊಂಡು ಹಾಸಿಗೆ ಹಿಡಿದರು. ಚಾಚಿಯ ನಗು ಕಡಿಮೆಯಾಯಿತು. ಮನೆಯಲ್ಲಿ ಏನಿದೆ, ಏನಿಲ್ಲ ಎಂದು ಕೇಳಲು ಅವ್ವನಿಗೂ ಭಿಡೆ. ಅದಕ್ಕೇ ಒಂದು ನೆಪ ಹೂಡಿದಳು. "ಝುಣಕ ಮಾಡೀನಿ, ರುಚಿ ನೋಡು" ಎಂದು ದಿನವೂ ಬಟ್ಟಲು ತುಂಬಿ ಕಳಿಸತೊಡಗಿದಳು. ದಿನವೂ ಅದು ತುಂಬಿಯೇ ಬರುತ್ತಿತ್ತು. ಒಂದು ದಿನ ಶೇಂಗಾ, ಒಂದು ದಿನ ಅವಲಕ್ಕಿ, ಇನ್ನೊಂದು ದಿನ ಬರೀ ಬೆಲ್ಲ…

"ಕೊಡಾಕತ್ತಾಳಂದ್ರ ಮನ್ಯಾಗ ಇನ್ನೂ ಐತಿ ಬಿಡು" ಎಂದು ಅವ್ವ ಸಮಾಧಾನಪಟ್ಟುಕೊಂಡಳು.

ಒಂದು ಮುಂಜಾನೆ ಚಾಚಿ ನಳದ ಹತ್ತಿರ ತಲೆ ತಿರುಗಿ ಬಿದ್ದಳು. ಅವ್ವ ಆಕೆಯನ್ನು ಒಳಗೆ ಕರೆದೊಯ್ದು, ಚಹಾ ಮಾಡಲೆಂದು ಡಬ್ಬಿಗಳನ್ನು ತೆರೆದಳು. ನಾನು ಬಾಗಿಲಲ್ಲಿದ್ದೆ. ಒಂದರಲ್ಲೂ ಏನೂ ಇರಲಿಲ್ಲ. ಅವುಗಳಲ್ಲಿದ್ದದ್ದೆಲ್ಲ ನಮ್ಮ ಮನೆಗೆ ಬಂದಿತ್ತು. ಅವ್ವ ಕೊಟ್ಟದ್ದು ಚಾಚಿಯ ಗಂಡನ ಹೊಟ್ಟೆಗಾಗುತ್ತಿತ್ತು, ಆಕೆಯ ಪಾಲಿನದು ನಮ್ಮ ಬಟ್ಟಲಿಗೆ.

"ಖಾಲಿ ಬಟ್ಲ ಕೊಟ್ಟಿದ್ರ ನಾ ಏನರ ಅಂತಿದ್ನೇನ?" ಅವ್ವ ಸಿಟ್ಟಿನಿಂದ ಅತ್ತಳು.

"ಖಾಲಿ ಹ್ಯಾಂಗ ಕೊಡ್ಲಿ ಅಕ್ಕಾ? ಕೊಟ್ರ ನಾಳೆ ನಿನ್ನ ಮಾರಿ ಹ್ಯಾಂಗ ನೋಡ್ಲಿ?"

ಅವ್ವ ಅಂದೇ ಆ ಡಬ್ಬಿಗಳನ್ನು ತುಂಬಿಸಿದಳು. ಇನ್ನು ಮುಚ್ಚಿಡುವಂಥದ್ದೇನೂ ಉಳಿದಿಲ್ಲ, ಭಿಡೆ ಬಿಟ್ಟಿತು ಎಂದುಕೊಂಡಳು. ಆದದ್ದು ಉಲ್ಟಾ. ಚಾಚಿ ನಮ್ಮನ್ನು ಕಂಡರೆ ಸೆರಗು ಎಳೆದುಕೊಂಡು ಒಳಗೆ ಹೋಗುತ್ತಿದ್ದಳು. ಸ್ವಲ್ಪ ದಿನಕ್ಕೇ ಗಂಡನನ್ನು ಕರೆದುಕೊಂಡು ಹೊಳೆದಂಡೆಯ ಹಮ್ಮಿಗಿಗೆ, ತವರಿಗೆ, ಹೊರಟೇಹೋದಳು. ಯಾರಿಗೂ ಹೇಳಲಿಲ್ಲ. ನಮ್ಮ ಕಟ್ಟೆಯ ಮೇಲೆ ಈ ಬಟ್ಟಲಿತ್ತು, ತಳದಲ್ಲಿ ಒಂದು ಹಿಡಿ ಸಕ್ಕರೆ.

ಹಮ್ಮಿಗಿ ಏನೂ ದೂರವಲ್ಲ. ಆದರೂ ಅವ್ವ ಒಮ್ಮೆಯೂ ಹೋಗಲಿಲ್ಲ. "ನಾ ಹ್ವಾದ್ರ ಆಕೀಗೆ ಮತ್ತ ಭಿಡೆ ಆಕೈತಿ" ಅನ್ನುತ್ತಿದ್ದಳು. ಹಾಗೆ ಅನ್ನುತ್ತಿರುವಾಗಲೇ ಚಾಚಿ ತೀರಿಕೊಂಡ ಖಬರು ಬಂತು. ಇಬ್ಬರೂ ಒಬ್ಬರಿಗಾಗಿ ಒಬ್ಬರು ಎಷ್ಟು ಜೀವ ತೇದರು, ಆ ಒಂದು ಶಬ್ದ ದಾಟಲು ಮಾತ್ರ ಇಬ್ಬರಿಗೂ ಆಗಲಿಲ್ಲ… ನೆನೆದರೆ ಈಗಲೂ ಸಂಕಟವಾಗುತ್ತದೆ.

ನಿನ್ನೆ ಅವ್ವ ತಾನೇ ಆ ಬಟ್ಟಲನ್ನು ತೊಳೆದಳು. ಚಾಚಿ ಇದ್ದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರಿಗೆ ಬಿಸಿ ಗಾರಿಗೆ ತುಂಬಿ ಕೊಟ್ಟಳು. "ಬಟ್ಲ ಖಾಲೀನ ಕೊಡ್ರಿ. ನನ್ನಾಣಿ ಐತಿ, ಭಿಡೆ ಮಾಡಬ್ಯಾಡ್ರಿ" ಎಂದು ಎರಡೆರಡು ಸಲ ಹೇಳಿದಳು.

ಸಂಜೆ ಆ ಮನೆಯಾಕೆ ಬಟ್ಟಲು ತಂದು ಅವ್ವನ ಕೈಗಿಟ್ಟಳು. ತಳದಲ್ಲಿ ಸಕ್ಕರೆ ಇತ್ತು.

"ಖಾಲಿ ಹ್ಯಾಂಗ ಕೊಡೂದ್ರಿ?" ಎಂದು ಆಕೆ ನಕ್ಕಳು.

ಅವ್ವ ಬಟ್ಟಲು ಹಿಡಿದುಕೊಂಡು ಅಲ್ಲೇ ಕುಳಿತು ಅತ್ತಳು. ನನ್ನ ಹೆಂಡತಿ ಮತ್ತೆ ಅರ್ಥ ಕೇಳಲಿಲ್ಲ.